ಹಳೆಯ ಮನೆ: ರಿಪೇರಿ ಸಾಕೇ, ಕೆಡವಬೇಕೇ, ಮಾರಬೇಕೇ?

ಕರ್ನಾಟಕದ ಊರುಗಳಲ್ಲಿ 1970 ಮತ್ತು 1990ರ ನಡುವೆ ಸ್ವಂತ ಸೈಟಿನಲ್ಲಿ ಎದ್ದ ಮನೆಗಳಿಗೆ ಈಗ ಸುಮಾರು 35ರಿಂದ 55 ವರ್ಷ. ಬೆಂಗಳೂರಿನ ಜಯನಗರವಿರಲಿ, ಮೈಸೂರಿನ ಸರಸ್ವತಿಪುರಂ ಇರಲಿ, ಹುಬ್ಬಳ್ಳಿಯ ವಿದ್ಯಾನಗರವಿರಲಿ, ಅವುಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ: ಕಲ್ಲಿನ ತಳಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಗೋಡೆಯ ಮೇಲೆ ಕೂತ ಕಾಂಕ್ರೀಟ್ ಮೋಲ್ಡು, ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ, ಕಾಂಪೌಂಡಿನೊಳಗೆ ಒಂದೆರಡು ತೆಂಗು, ಕರಿಬೇವಿನ ಗಿಡ. ಮೋಲ್ಡು ಸೋರಲು ಶುರುವಾದಾಗ, ಮಹಡಿ ಮೆಟ್ಟಿಲು ಹಿರಿಯರ ಮಂಡಿಗೆ ಕಷ್ಟವಾದಾಗ, ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದು ಬೆಳಕು ನಿಂತಾಗ ಮನೆಯವರ ಮುಂದೆ ನಾಲ್ಕು ದಾರಿಗಳಿರುತ್ತವೆ. ಇರುವ ಮನೆಯನ್ನೇ ರಿಪೇರಿ ಮಾಡಿಸಿ ಬೇಕಾದಂತೆ ಬದಲಾಯಿಸಿಕೊಳ್ಳಬಹುದು, ಅಂಗಳ, ಕೈತೋಟಗಳನ್ನಷ್ಟೇ ಹೊಸದಾಗಿ ಮಾಡಿಸಬಹುದು, ಕೆಡವಿ ಕಟ್ಟಬಹುದು, ಮಾರಿ ಬೇರೆಡೆ ಹೋಗಬಹುದು.

ಬಹಳಷ್ಟು ಮನೆಗಳಲ್ಲಿ ಖರ್ಚು ಶುರುವಾಗುವುದು ಕಣ್ಣಿಗೆ ಕಾಣುವ ಕಡೆಯಿಂದ. ಮೊದಲು ಟೈಲ್ಸು, ಫಾಲ್ಸ್ ಸೀಲಿಂಗು, ಬಣ್ಣ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೀಲಿಂಗಿನ ಮೇಲಿನ ಮೋಲ್ಡು ಉದುರತೊಡಗಿ, ಹಾಕಿಸಿದ್ದನ್ನೆಲ್ಲ ಕೀಳಿಸಬೇಕಾಗುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಕಾಗದಪತ್ರ, ಕಟ್ಟಡದ ಗಟ್ಟಿತನ ಮತ್ತು ನೀರು ಹರಿಯುವ ದಾರಿ. ಈ ಮೂರು ತಿಳಿದ ಮೇಲೆ ದಾರಿಗಳಲ್ಲಿ ಒಂದೆರಡು ತಾವಾಗಿಯೇ ಮುಚ್ಚಿಹೋಗುತ್ತವೆ.

ಮನೆ ಯಾರ ಹೆಸರಿನಲ್ಲಿದೆ

ಮಾರುವ ಯೋಚನೆಯಿಲ್ಲದವರೂ ಕಾಗದಪತ್ರ ತೆಗೆದು ನೋಡಲೇಬೇಕು. ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ, ಕಂದಾಯದ ರಸೀದಿ ಇಷ್ಟೂ ಒಂದೇ ಹೆಸರನ್ನೂ ಒಂದೇ ಅಳತೆಯನ್ನೂ ಹೇಳುತ್ತಿವೆಯೇ ಎಂಬುದು ಮೊದಲ ಪ್ರಶ್ನೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆಯಿಲ್ಲದೆ ನೋಂದಣಿ ನಡೆಯುವುದಿಲ್ಲ. ಹಳೆಯ ಖಾತೆಯಲ್ಲಿ ತೀರಿಕೊಂಡ ತಂದೆಯ ಹೆಸರೇ ಉಳಿದಿದ್ದರೆ ಅದನ್ನು ಸರಿಪಡಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು.

ಉಯಿಲು ಬರೆಯದೆ ತೀರಿಕೊಂಡ ಹಿಂದೂ ತಂದೆಯ ಸ್ವಯಾರ್ಜಿತ ಮನೆಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಆತನ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂಬುದನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯಿಲ್ಲದೆ ಮನೆ ಮಾರಲು ಹೊರಟರೆ ವ್ಯವಹಾರ ಅಲ್ಲೇ ನಿಲ್ಲುತ್ತದೆ. ಸಹಿ ಕೇಳದೆ ರಿಪೇರಿಗೆ ಇಳಿಯುವುದೂ ಅಷ್ಟೇ ಅಪಾಯದ ಕೆಲಸ. ಪಾಲಾಗದ ಮನೆಗೆ ಒಬ್ಬ ಅಣ್ಣನೋ ತಮ್ಮನೋ ಇಪ್ಪತ್ತು ಲಕ್ಷ ಸುರಿದರೆ, ಖರ್ಚು ಮಾಡಿದ ಮಾತ್ರಕ್ಕೆ ಅವನ ಪಾಲು ತಾನಾಗಿ ಹೆಚ್ಚುವುದಿಲ್ಲ. ವಿಭಾಗಪತ್ರವೋ ಹಕ್ಕು ಬಿಡುಗಡೆ ಪತ್ರವೋ ನೋಂದಣಿಯಾದ ಮೇಲೆಯೇ ಗಾರೆ ಕೆಲಸದವರನ್ನು ಕರೆಸುವುದು ಎಲ್ಲರ ಸಂಬಂಧಕ್ಕೂ ಕ್ಷೇಮ.

ಕಟ್ಟಡ ಎಷ್ಟು ಗಟ್ಟಿ

ಗೋಡೆ ಬಿರುಕು ಬಿಟ್ಟಿದೆ ಎಂದಾಕ್ಷಣ ಮನೆ ಕೆಡವಬೇಕಿಲ್ಲ. ಭಾರತೀಯ ಮಾನಕ ಬ್ಯೂರೋದ ಕೈಪಿಡಿ 1 ಮಿಲಿಮೀಟರಿಗಿಂತ ಕಡಿಮೆ ಅಗಲದ್ದನ್ನು ಸಣ್ಣ ಬಿರುಕು, 1ರಿಂದ 2 ಮಿಲಿಮೀಟರಿನದನ್ನು ಮಧ್ಯಮ, ಅದಕ್ಕೂ ಮೇಲಿನದನ್ನು ದೊಡ್ಡ ಬಿರುಕು ಎಂದು ವಿಂಗಡಿಸುತ್ತದೆ. ಆದರೆ ಅಗಲಕ್ಕಿಂತ ಹೆಚ್ಚು ಹೇಳುವುದು ಬಿರುಕಿನ ಜಾಗ ಮತ್ತು ಚಲನೆ. ಮೋಲ್ಡು ಗೋಡೆಯ ಮೇಲೆ ಕೂರುವಲ್ಲಿ ಅಡ್ಡಲಾಗಿ ಓಡುವ ಗೆರೆ ಸಾಮಾನ್ಯವಾಗಿ ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗಿದ್ದರ ಗುರುತು. ತಾರಸಿಯ ಮೇಲೆ ಬಿಸಿ ತಡೆಯುವ ಪದರ ಹಾಕಿದರೆ ಅದರ ಕಾಟ ಕಡಿಮೆಯಾಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು ತಳಪಾಯದವರೆಗೆ ಹೋಗುವ ಬಿರುಕು ಬೇರೆ ಜಾತಿಯದು. ಅಲ್ಲಿ ನೆಲ ಕುಸಿಯುತ್ತಿರಬಹುದು. ಬಿರುಕಿನ ಎರಡೂ ಬದಿಗೆ ತೆಳು ಗಾಜಿನ ಪಟ್ಟಿಯೊಂದನ್ನು ಪ್ಲಾಸ್ಟರ್‌ನಿಂದ ಅಂಟಿಸಿ ತಾರೀಖು ಬರೆದಿಟ್ಟರೆ, ಗೋಡೆ ಇನ್ನೂ ಸರಿಯುತ್ತಿದ್ದಲ್ಲಿ ಗಾಜು ಒಡೆಯುತ್ತದೆ. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ದಾಟಿದರೂ ಒಡೆಯದಿದ್ದರೆ ಬಿರುಕು ಹಳೆಯದು, ತುಂಬಿಸಿದರೆ ಸಾಕು.

ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಮೇಲಿನ ಮನೆಗಳಲ್ಲಿ ಬೇಸಿಗೆಗೆ ತೆರೆದು ಮಳೆಗೆ ಮುಚ್ಚುವ ಬಿರುಕು ಹೊಸ ಸಂಗತಿಯಲ್ಲ. ಆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅಲ್ಲಿ ಗೋಡೆಗೆ ಮತ್ತೆ ಮತ್ತೆ ಗಾರೆ ಬಳಿಯುವುದಕ್ಕಿಂತ, ಮನೆಯ ಸುತ್ತ ಮೂರ್ನಾಲ್ಕು ಅಡಿ ಅಗಲದ ಇಳಿಜಾರು ಕಟ್ಟೆ ಮಾಡಿ ನೀರು ತಳಪಾಯದ ಹತ್ತಿರ ನಿಲ್ಲದಂತೆ ನೋಡಿಕೊಂಡರೆ ಹೆಚ್ಚು ಪ್ರಯೋಜನ.

ನಿಜವಾದ ಆತಂಕ ಮೋಲ್ಡಿನದು. ಹೊಸ ಕಾಂಕ್ರೀಟು ಕ್ಷಾರೀಯವಾಗಿದ್ದು, ಒಳಗಿನ ಕಬ್ಬಿಣಕ್ಕೆ ತುಕ್ಕು ಹತ್ತದಂತೆ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡು ಒಳಸೇರಿ ಆ ಕ್ಷಾರ ಗುಣ ಮೇಲಿನಿಂದ ಒಳಮುಖವಾಗಿ ಕಳೆಯುತ್ತ ಹೋಗುತ್ತದೆ. ಅದು ಸರಳಿನವರೆಗೆ ತಲುಪಿ, ಜೊತೆಗೆ ತೇವವೂ ಸಿಕ್ಕಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಪದರವಾಗಿ ಕಳಚಿ ಬೀಳುತ್ತದೆ. ಸರಳಿನ ಸಾಲಿಗೇ ಕಂದು ಕಲೆ ಮೂಡಿದ್ದರೆ, ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಟಣ್ ಎನ್ನದೆ ಟೊಳ್ಳು ಸದ್ದು ಬಂದರೆ, ಪದರ ಆಗಲೇ ಬಿಟ್ಟುಕೊಂಡಿದೆ ಎಂದರ್ಥ. ಸಜ್ಜಾ, ಬಾಲ್ಕನಿಗಳಲ್ಲಿ ಇದನ್ನು ಕಂಡ ದಿನವೇ ಕೆಳಗೆ ಓಡಾಡುವುದನ್ನು ನಿಲ್ಲಿಸಬೇಕು. ಗೋಡೆಯಿಂದ ಹೊರಚಾಚಿದ ಕಾಂಕ್ರೀಟಿಗೆ ಮತ್ತೊಂದು ಕಡೆ ಆಸರೆಯಿಲ್ಲ.

ಇಲ್ಲಿಂದ ಮುಂದೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಮೋಲ್ಡಿನ ಒಂದು ಚೂರನ್ನು ಒಡೆದು ಹೊಸ ಮೈಗೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುವುದು ಅವರ ಸರಳ ಪರೀಕ್ಷೆಗಳಲ್ಲೊಂದು. ಕ್ಷಾರ ಉಳಿದಿರುವಲ್ಲಿ ಕಾಂಕ್ರೀಟು ಗಾಢ ಗುಲಾಬಿಯಾಗುತ್ತದೆ, ಕಳೆದುಕೊಂಡಲ್ಲಿ ಬಣ್ಣವೇ ಬರುವುದಿಲ್ಲ. ಬಣ್ಣವಿಲ್ಲದ ಪಟ್ಟಿ ಸರಳಿಗಿಂತ ಹಿಂದೆಯೇ ನಿಂತಿದ್ದರೆ ಮನೆಗೆ ಇನ್ನೂ ಆಯುಷ್ಯವಿದೆ. ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಪರೀಕ್ಷೆಗಳು ಗಟ್ಟಿತನದ ಅಂದಾಜು ಕೊಡುತ್ತವೆ; ಅನುಮಾನ ಉಳಿದರೆ ಕೊರೆದು ತೆಗೆದ ತುಂಡನ್ನು ಪ್ರಯೋಗಾಲಯದಲ್ಲಿ ಒಡೆದು ನೋಡುತ್ತಾರೆ. ಲಕ್ಷಗಟ್ಟಲೆ ಖರ್ಚಿನ ತೀರ್ಮಾನಕ್ಕೆ ಮುಂಚೆ ಈ ವರದಿಗೆ ಕೊಡುವ ಶುಲ್ಕವನ್ನು ಉಳಿಸಲು ನೋಡುವುದು ತಪ್ಪು ಲೆಕ್ಕ. ವರದಿ ಕೊಡುವವರಿಗೂ ಮುಂದೆ ಕೆಲಸದ ಗುತ್ತಿಗೆ ಹಿಡಿಯುವವರಿಗೂ ಸಂಬಂಧವಿರಬಾರದು.

ಒಂದು ಕೋಣೆಯ ಮೋಲ್ಡು, ಒಂದೆರಡು ಸಜ್ಜಾ ಹಾಳಾಗಿದ್ದರೆ ರಿಪೇರಿ ಸಾಕು: ಸಡಿಲವಾದುದನ್ನು ಕೆತ್ತಿ, ಸರಳಿನ ತುಕ್ಕು ಉಜ್ಜಿ, ಸವೆದ ಕಡೆ ಹೊಸ ಸರಳು ಸೇರಿಸಿ, ಪಾಲಿಮರ್ ಗಾರೆ ಅಥವಾ ಮೈಕ್ರೊ ಕಾಂಕ್ರೀಟಿನಿಂದ ತುಂಬಿಸುತ್ತಾರೆ. ಮನೆಯಿಡೀ ಹೀಗಾಗಿದ್ದರೆ, ರಿಪೇರಿಯ ಅಂದಾಜು ಹೊಸದಾಗಿ ಕಟ್ಟುವ ಖರ್ಚಿನ ಅರ್ಧದ ಹತ್ತಿರ ಬರುತ್ತಿದ್ದರೆ, ಕೆಡವುವ ಯೋಚನೆಯನ್ನು ಗಂಭೀರವಾಗಿ ಮಾಡಬೇಕು.

ಕರಾವಳಿ, ಮಲೆನಾಡಿನ ಹಂಚಿನ ಮನೆಗಳ ಲೆಕ್ಕವೇ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಈ ಬಗೆಯ ಕಟ್ಟಡದಲ್ಲಿ ಪ್ರತಿಯೊಂದು ಭಾಗವನ್ನೂ ಬಿಡಿಬಿಡಿಯಾಗಿ ಬದಲಿಸಬಹುದು. ಒಡೆದ ಹಂಚು ತೆಗೆದು ಬೇರೆ ಹೊದಿಸಬಹುದು, ಗೆದ್ದಲು ತಿಂದ ಪಕ್ಕಾಸು, ರೀಪುಗಳನ್ನು ಮಾತ್ರ ಬಿಚ್ಚಬಹುದು. ಮುರಕಲ್ಲಿನ ಗೋಡೆ ನೆಟ್ಟಗಿದ್ದರೆ ಇಂಥ ಮನೆಯನ್ನು ಕೆಡವಲು ಕಟ್ಟಡದ ಕಡೆಯಿಂದ ಕಾರಣವೇ ಇರುವುದಿಲ್ಲ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಪ್ಲಾಸ್ಟರ್ ಮಾಡಿಸುವುದು ಮಾತ್ರ ಬೇಡ. ಗೋಡೆಯ ತೇವ ಹೊರಹೋಗಲು ದಾರಿಯಿಲ್ಲದೆ ಪ್ಲಾಸ್ಟರ್ ಉಬ್ಬಿ ಬೀಳುತ್ತದೆ. ಅಲ್ಲಿಗೆ ಸುಣ್ಣವೇ ಸರಿ.

ನೀರು, ರಸ್ತೆ, ಅಂಗಳ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಹಾಳಾಗುವುದಕ್ಕೆ ಮನೆಯಷ್ಟೇ ರಸ್ತೆಯೂ ಕಾರಣ. ಹಳೆಯ ಡಾಂಬರನ್ನು ಕೆತ್ತದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಬಂದದ್ದರಿಂದ ರಸ್ತೆ ಏರಿದೆ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗಳಿಗೆ ಈಗ ಗೇಟಿನಿಂದ ಇಳಿದು ಹೋಗಬೇಕಾಗಿದೆ. ಅಳೆಯುವುದು ಸುಲಭ. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿಯನ್ನು ರಸ್ತೆಯ ನಡುವೆ, ಇನ್ನೊಂದನ್ನು ಹೊಸ್ತಿಲ ಬಳಿ ಹಿಡಿದರೆ ಎರಡರ ಮಟ್ಟ ತಿಳಿಯುತ್ತದೆ. ಹೊಸ್ತಿಲು ರಸ್ತೆಗಿಂತ ಕೆಳಗಿದ್ದರೆ ಗೋಡೆಯ ಬುಡ ಉಪ್ಪು ಕಾರುವುದಕ್ಕೆ, ಚರಂಡಿ ನೀರು ಬಚ್ಚಲಿನಿಂದ ಹಿಂದಕ್ಕೆ ಉಕ್ಕುವುದಕ್ಕೆ ಕಾರಣ ಸಿಕ್ಕಿತೆಂದೇ ಲೆಕ್ಕ. ಒಳಗೆ ಎಷ್ಟು ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ. ಜ್ಯಾಕುಗಳ ಮೇಲೆ ಇಡೀ ಮನೆಯನ್ನೇ ಎತ್ತಿಸುವವರಿದ್ದಾರೆ. ಕಟ್ಟಡ ಗಟ್ಟಿಯಿದ್ದು ಬೇರೆಲ್ಲ ಸರಿಯಿದ್ದರೆ ಮಾತ್ರ ಆ ಖರ್ಚಿಗೆ ಅರ್ಥವಿದೆ. ಕೆಡವಿ ಕಟ್ಟಲು ಇರುವ ಕಾರಣಗಳಲ್ಲಿ ರಸ್ತೆ ಮಟ್ಟ ಬಹುಶಃ ಎಲ್ಲಕ್ಕಿಂತ ಬಲವಾದದ್ದು.

ಅಂಗಳವನ್ನು ಹೊಸದಾಗಿ ಮಾಡಿಸುವವರು ಅಂದಕ್ಕಿಂತ ಮೊದಲು ಇಳಿಜಾರನ್ನು ನೋಡಬೇಕು. ಕಾಂಪೌಂಡಿನ ತುಂಬ ಸಿಮೆಂಟು ಹಾಕಿಸಿ ಮೇಲೆ ಕುಂಡ ಜೋಡಿಸಿದರೆ ಮಳೆನೀರೆಲ್ಲ ಗೋಡೆಯ ಬುಡಕ್ಕೋ ರಸ್ತೆಗೋ ಹೋಗುತ್ತದೆ. ಕಾರು ನಿಲ್ಲುವಷ್ಟು ಜಾಗಕ್ಕೆ ಕಲ್ಲು ಚಪ್ಪಡಿ, ಉಳಿದದ್ದು ಮಣ್ಣು ಎಂದಿಟ್ಟುಕೊಂಡರೆ ನೀರು ಇಂಗುತ್ತದೆ, ಬೇಸಿಗೆಯಲ್ಲಿ ಮನೆಯೂ ತಂಪಾಗಿರುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರು ಹತ್ತಿರ ಹತ್ತಿರ 97 ಸಾವಿರ ಲೀಟರ್. ನಗರದಲ್ಲಿ 2009ರ ನಿಯಮದ ಪ್ರಕಾರ 40x60 ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗಳಿಗೂ, 30x40 ಮತ್ತು ಮೇಲಿನ ಸೈಟಿನ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಂಗಳ ಅಗೆಸುವ ಕಾಲದಲ್ಲೇ ಈ ಪೈಪು, ಇಂಗುಗುಂಡಿಗಳನ್ನು ಮುಗಿಸಿಕೊಂಡರೆ ಎರಡು ಸಲ ಅಗೆಸುವ ಖರ್ಚು ಉಳಿಯುತ್ತದೆ.

ಮರಗಳ ವಿಷಯದಲ್ಲಿ ಆತುರ ಬೇಡ. ಗೋಡೆಯ ಸಂದಿನಲ್ಲಿ ಮೊಳೆತ ಅರಳಿ, ಅತ್ತಿ ಸಸಿಗಳನ್ನು ಬೇರುಸಹಿತ ತೆಗೆಯಲೇಬೇಕು. ಸಂಪಿನ ಪಕ್ಕದ ದೊಡ್ಡ ಮರದ ಬೇರು ಒಳನುಗ್ಗಿದ್ದರೆ ಸಂಪನ್ನು ಬೇರೆ ಕಡೆ ಮಾಡುವುದು ಹಲವೊಮ್ಮೆ ಮರ ಕಡಿಯುವುದಕ್ಕಿಂತ ಒಳ್ಳೆಯದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಸೈಟಿನ ಮರವನ್ನು ಕಡಿಯಲೂ ಸಾಮಾನ್ಯವಾಗಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಇಪ್ಪತ್ತು ವರ್ಷ ಬೆಳೆದ ಮಾವಿನ ನೆರಳು ಎಷ್ಟು ಹಣ ಕೊಟ್ಟರೂ ಇನ್ನೊಂದು ವಾರದಲ್ಲಿ ಸಿಗುವಂಥದ್ದಲ್ಲ.

ರಿಪೇರಿಯೇ ಸರಿ ಎಂದಾದರೆ

ಕೆಲಸದ ಕ್ರಮ ತಪ್ಪಬಾರದು. ಮೊದಲು ತಾರಸಿ ಮತ್ತು ಒಳಚರಂಡಿ, ಆಮೇಲೆ ನೀರಿನ ಪೈಪು ಹಾಗೂ ವೈರಿಂಗು, ಆಮೇಲೆ ಪ್ಲಾಸ್ಟರ್, ನೆಲ, ಬಣ್ಣ ಕಟ್ಟಕಡೆಗೆ. ಹಳೆಯ ಜಿಐ ಪೈಪುಗಳು ಬೋರ್‌ವೆಲ್ಲಿನ ಗಡಸು ನೀರಿಗೆ ಒಳಗಿನಿಂದ ಕಟ್ಟಿಕೊಂಡಿರುತ್ತವೆ. ವೈರಿಂಗು ಮಾಡಿಸಿದ್ದು ನಾಲ್ಕು ಫ್ಯಾನು, ಹತ್ತು ಬಲ್ಬುಗಳ ಕಾಲಕ್ಕೆ; ಈಗ ಅದೇ ತಂತಿಯ ಮೇಲೆ ಗೀಸರ್, ಏಸಿ, ಇಂಡಕ್ಷನ್ ಒಲೆಗಳ ಹೊರೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗೋಡೆ ಒಮ್ಮೆ ಮಾತ್ರ ಕೊರೆಯಬೇಕಾಗುತ್ತದೆ. ಸರಿಯಾದ ಅರ್ಥಿಂಗು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಬಚ್ಚಲುಮನೆಯಲ್ಲಿ ಶಾಕ್ ಹೊಡೆದಾಗ ಜೀವ ಉಳಿಸುವುದು ಅದೇ.

ಹಾಲು ದೊಡ್ಡದಾಗಲೆಂದು ನಡುವಿನ ಗೋಡೆ ತೆಗೆಸುವ ಆಸೆ ಬಹುತೇಕರಿಗೆ ಬರುತ್ತದೆ. ಕಾಲಂಗಳಿಲ್ಲದ ಈ ಮನೆಗಳಲ್ಲಿ ಗೋಡೆಯೇ ಮೋಲ್ಡನ್ನು ಹೊತ್ತಿರುತ್ತದೆ. ಎಂಜಿನಿಯರ್ ಲೆಕ್ಕ ಹಾಕಿ ಬೀಮು ಕೂರಿಸದೆ ಅದನ್ನು ಮುಟ್ಟುವಂತಿಲ್ಲ. ಬಾಡಿಗೆಗೆಂದು ಮೇಲೊಂದು ಅಂತಸ್ತು ಏರಿಸುವುದಕ್ಕೂ ಇದೇ ಮಾತು: ತಳಪಾಯ ಎಷ್ಟು ಅಂತಸ್ತಿಗೆ ಮಾಡಿದ್ದು, ಮಂಜೂರಾದ ನಕ್ಷೆಯಲ್ಲಿ ಏನಿದೆ ಎಂದು ತಿಳಿಯದೆ ಒಂದು ಇಟ್ಟಿಗೆಯನ್ನೂ ಇಡಬಾರದು.

ಚೆನ್ನಾಗಿರುವ ಕೆಂಪು ನೆಲವನ್ನು ಮುಚ್ಚಿ ಟೈಲ್ಸು ಹಾಕುವುದು ದುಃಖದ ಸಂಗತಿ. ಅಂಥ ನೆಲ ಹಾಕಬಲ್ಲ ಕೈಗಳು ಈಗ ಕಡಿಮೆ. ಉಜ್ಜಿ ಎಣ್ಣೆ ಹಚ್ಚಿದರೆ ಅದು ಮತ್ತೆ ಹೊಳೆಯುತ್ತದೆ. ಮೇಲೆ ಟೈಲ್ಸು ಕೂರಿಸಿದರೆ ನೆಲ ಏರಿ ಪ್ರತಿ ಬಾಗಿಲ ಬುಡವನ್ನೂ ಕತ್ತರಿಸಬೇಕಾಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಹಣ ಹೋಗಬೇಕಾದದ್ದು ಬೇರೆಡೆ: ಕೆಳಗಿನ ಅಂತಸ್ತಿನಲ್ಲೇ ಒಂದು ಮಲಗುವ ಕೋಣೆ, ಅದಕ್ಕೆ ತಾಗಿ ಕಮೋಡಿರುವ ಬಚ್ಚಲು, ಜಾರದ ನೆಲ, ಹಿಡಿದು ಏಳಲು ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿ, ಗಾಲಿಕುರ್ಚಿ ದಾಟುವಷ್ಟು ಅಗಲದ ಬಾಗಿಲು, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಇಷ್ಟು ಮಾಡಿಸಿದ್ದರೆ ಮನೆ ಬಿಡುವ ಮಾತೇ ಬರುತ್ತಿರಲಿಲ್ಲ ಎನ್ನುವ ಕುಟುಂಬಗಳು ಬಹಳ.

ಕೆಡವುವುದು, ಮಾರುವುದು

ಕೆಡವಿ ಕಟ್ಟುವವರು ಮೊದಲು ಇಂದಿನ ನಿಯಮದಂತೆ ಸೈಟಿನ ಸುತ್ತ ಎಷ್ಟು ಜಾಗ ಬಿಡಬೇಕೆಂದು ವಿಚಾರಿಸಬೇಕು. ಗಡಿಯವರೆಗೆ ಕಟ್ಟಿದ್ದ ಹಳೆಯ ಮನೆಯಷ್ಟು ವಿಸ್ತಾರ ಹೊಸ ನಕ್ಷೆಯಲ್ಲಿ ಸಿಗದೆ ಹೋಗಬಹುದು. ಚದರಡಿಯ ದರಕ್ಕೆ ಒಂದು ವರ್ಷದ ಮನೆ ಬಾಡಿಗೆ, ಎರಡು ಸಲ ಸಾಮಾನು ಸಾಗಿಸುವ ಖರ್ಚು, ನಕ್ಷೆ ಮಂಜೂರಾತಿಯ ಶುಲ್ಕ, ಅವಶೇಷ ಸಾಗಿಸುವ ಖರ್ಚು ಸೇರಿಸಿದರೆ ಮಾತ್ರ ಲೆಕ್ಕ ನಿಜವಾಗುತ್ತದೆ. ತೇಗದ ಬಾಗಿಲು, ಕಿಟಕಿ, ಸೈಜುಗಲ್ಲುಗಳಿಗೆ ಒಳ್ಳೆಯ ಬೆಲೆಯಿದೆ. ಕೆಡವುವ ಗುತ್ತಿಗೆದಾರನಿಗೆ ಅವನ್ನು ಸುಮ್ಮನೆ ಬಿಟ್ಟುಕೊಡಬೇಕಿಲ್ಲ, ಹೊಸ ಮನೆಗೇ ಬಳಸಬಹುದು. ಕೆಲಸ ಶುರುವಾಗುವ ಮುಂಚೆ ಅಕ್ಕಪಕ್ಕದ ಮನೆಗಳ ಗೋಡೆಗಳನ್ನು ನೆರೆಯವರ ಎದುರೇ ಫೋಟೊ ತೆಗೆದಿಟ್ಟುಕೊಂಡರೆ, ಆಮೇಲೆ ಬಿರುಕು ಕಂಡಾಗ ಜಗಳವಾಗುವುದಿಲ್ಲ.

ಮಾರುವ ನಿರ್ಧಾರಕ್ಕೆ ಸರಿಯಾದ ಕಾರಣಗಳು ಸಾಮಾನ್ಯವಾಗಿ ಕಟ್ಟಡದ ಹೊರಗಿರುತ್ತವೆ: ಪ್ರತಿವರ್ಷ ನೀರು ನುಗ್ಗುವ ತಗ್ಗು, ವಾಣಿಜ್ಯ ರಸ್ತೆಯಾಗಿ ಹೋದ ಬೀದಿ, ಆಸ್ಪತ್ರೆಗೆ ದೂರ, ಒಂಟಿಯಾಗಿ ಉಳಿದ ವೃದ್ಧರ ಭದ್ರತೆ, ಪಾಲು ಹಂಚಿಕೊಳ್ಳಲೇಬೇಕಾದ ಹಲವು ವಾರಸುದಾರರು. ದೂರದ ಫ್ಲ್ಯಾಟಿಗೆ ಹೋಗುವ ಆಸೆಯಿದ್ದರೆ ಆ ಫ್ಲ್ಯಾಟಿರುವ ಬಡಾವಣೆಯಲ್ಲೇ ಕೆಲವು ತಿಂಗಳು ಬಾಡಿಗೆಗಿದ್ದು ನೋಡುವುದು ಜಾಣತನ. ನಲವತ್ತು ವರ್ಷದ ನೆರೆಹೊರೆ, ಗುರುತಿನ ಅಂಗಡಿ, ಬೆಳಗಿನ ವಾಯುವಿಹಾರದ ಗೆಳೆಯರು ಹಿರಿಯರ ಆರೋಗ್ಯಕ್ಕೆ ಎಷ್ಟು ಆಧಾರವಾಗಿದ್ದರೆಂಬುದು ಹೋದ ಮೇಲೆಯೇ ತಿಳಿಯುವುದುಂಟು.

ಕೊಳ್ಳುವ ಕಡೆಯ ಖರ್ಚು ಸಣ್ಣದಲ್ಲ. ಕರ್ನಾಟಕದ ನಗರಗಳಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಸೆಸ್ಸು, ಸರ್ಚಾರ್ಜು ಸೇರಿ ಶೇ. 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2. ಒಂದು ಕೋಟಿಯ ಮನೆಗೆ ಇದೇ 7.6 ಲಕ್ಷವಾಯಿತು. ಕಟ್ಟುತ್ತಿರುವ ಫ್ಲ್ಯಾಟಾದರೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ ಬೇರೆ. ದಲ್ಲಾಳಿಯ ಕಮಿಷನ್ ಇದರ ಮೇಲೆ. ಇದೇ ಮೊತ್ತದಲ್ಲಿ ಗಟ್ಟಿಯಾದ ಹಳೆಯ ಮನೆಯೊಂದರ ತಾರಸಿ, ಪೈಪು, ವೈರಿಂಗು ಬಹುಮಟ್ಟಿಗೆ ಹೊಸದಾಗಬಹುದು.

ಮಾರುವವರಿಗೆ ಬಂಡವಾಳ ಲಾಭದ ತೆರಿಗೆಯಿದೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯನ್ನು ಈಗ ಮಾರಿದರೆ, ಭಾರತದ ನಿವಾಸಿಗಳು ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ. 12.5 ಅಥವಾ ಹೊಂದಾಣಿಕೆಯೊಂದಿಗೆ ಶೇ. 20, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ರ ಏಪ್ರಿಲ್ 1ಕ್ಕೆ ಮೊದಲೇ ಕೈಗೆ ಬಂದ ಮನೆಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ನೋಂದಾಯಿತ ಮೌಲ್ಯಮಾಪಕರ ವರದಿ ಇದಕ್ಕೆ ನೆರವಾಗುತ್ತದೆ. ವಿದೇಶದಲ್ಲಿ ನೆಲೆಸಿರುವ ವಾರಸುದಾರರಿಗೆ ಈ ಎರಡರ ಆಯ್ಕೆಯಿಲ್ಲ, ಅವರ ಪಾಲಿನಿಂದ ಕೊಳ್ಳುವವರು ಮುರಿದುಕೊಳ್ಳಬೇಕಾದ ತೆರಿಗೆಯೂ ಹೆಚ್ಚು. ಲಾಭದ ಹಣದಲ್ಲಿ ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿಯುಂಟು. ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ಐದು ವರ್ಷಕ್ಕೆ ತೊಡಗಿಸಿಯೂ ತೆರಿಗೆ ಉಳಿಸಬಹುದು. ಹೊಸ ಮನೆ ಇನ್ನೂ ಸಿಕ್ಕಿಲ್ಲದಿದ್ದರೆ, ಆ ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಬಿಟ್ಟರೆ ವಿನಾಯಿತಿ ಕೈತಪ್ಪಬಹುದು. ಮನೆಗೆ 2001ರ ಏಪ್ರಿಲ್ 1ರ ನಂತರ ಕೋಣೆ ಸೇರಿಸಿದ, ಮಹಡಿ ಏರಿಸಿದ ಖರ್ಚಿನ ಬಿಲ್ಲುಗಳಿದ್ದರೆ ಅವೂ ಲಾಭದ ಲೆಕ್ಕದಿಂದ ಕಳೆಯುತ್ತವೆ. ಆದ್ದರಿಂದ ಮುಂದೆಂದೋ ಮಾರುವ ಸಾಧ್ಯತೆಯಿರುವ ಮನೆಗೆ ಕೋಣೆ, ಮಹಡಿ ಸೇರಿಸುವವರೂ ಎಂಜಿನಿಯರಿನ ಶುಲ್ಕದಿಂದ ಹಿಡಿದು ಸಿಮೆಂಟಿನವರೆಗಿನ ರಸೀದಿಗಳನ್ನು ಕ್ರಯಪತ್ರದ ಜೊತೆಗೇ ಇಟ್ಟುಕೊಳ್ಳಬೇಕು.